ಗಂಜಿ ಹಾಕಿದ ಬಾವುಟ

ಬಾವುಟ ಮಡಚುವುದಕ್ಕೂ ಒಂದು ಕ್ರಮವಿದೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಬಾರದಿತ್ತು. ಮದರಾಸಿನಲ್ಲಿ ಬಿ.ಎ. ಮುಗಿಸಿ ಮಂಜೇಶ್ವರದ ಆ ಶಾಲೆಗೆ ಸೇರಿ ಎರಡು ತಿಂಗಳಾಗಿತ್ತು. ಅಲ್ಲಿ ನಾನು ಆಡಿದ ಮೊದಲ ಉದ್ದದ ಮಾತು ಅದು. ಹಿಂದಿನ ವರ್ಷ ಸ್ವಾತಂತ್ರ್ಯ ದಿನದಂದು ಡ್ರಿಲ್ ಮಾಸ್ಟರು ಕಟ್ಟಿದ ಬಾವುಟ ಹಸಿರು ಮೇಲಾಗಿ ಬಿಚ್ಚಿಕೊಂಡಿತ್ತಂತೆ.

"ಹಾಗಾದರೆ ಈ ಸಲ ನೀವೇ ಮಡಚಿ ಕೊಡಿ" ಎಂದರು ಹೆಡ್‌ಮಾಸ್ಟರು.

"ಸರಿಯಾಗದಿದ್ದರೆ ಮುಂದಿನ ವರ್ಷದಿಂದ ಆ ಕೆಲಸ ನನಗೇ ವಾಪಸ್, ಆಯ್ತಾ ಟೀಚರೇ?" ಎಂದರು ಡ್ರಿಲ್ ಮಾಸ್ಟರು.

ಸೋಲುವ ಉದ್ದೇಶ ನನಗಿರಲಿಲ್ಲ. ಖಾದಿಯ ಬಾವುಟವನ್ನು ಬಿಡಾರಕ್ಕೆ ತಂದು ಒಗೆದೆ. ಮನೆಯಲ್ಲಿ ಅಪ್ಪಯ್ಯನ ಪಂಚೆಗೆ ಗಂಜಿ ಹಾಕದೆ ಒಣಗಿಸಿದ್ದೇ ಇಲ್ಲ. ಬಾವುಟಕ್ಕೆ ಅದಕ್ಕಿಂತ ಕಡಿಮೆ ಮರ್ಯಾದೆ ಸಲ್ಲದು ಎಂದು ದಪ್ಪ ಗಂಜಿಯನ್ನೇ ಹಾಕಿದೆ. ಆಟಿ ತಿಂಗಳ ಬಿಡದ ಮಳೆ. ಮೂರು ದಿನವಾದರೂ ಪಸೆ ಆರಲಿಲ್ಲ. ಪಸೆ ಇದ್ದ ಹಾಗೆಯೇ ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಎರಡು ತುದಿಗಳನ್ನೂ ಚಕ್ರದ ಕಡೆಗೆ ತಂದು, ನಡುವೆ ನಂದಿಬಟ್ಟಲ ಹೂವಿಟ್ಟು, ಅಂಚು ಕೂರಲೆಂದು ನಿಘಂಟಿನ ಅಡಿಯಲ್ಲಿ ಒತ್ತಿಟ್ಟೆ. ಸ್ಕೇಲಿನಿಂದ ಅಳೆದೂ ನೋಡಿದೆ.

ಬೆಳಿಗ್ಗೆ ಹೆಡ್‌ಮಾಸ್ಟರು ಹಗ್ಗ ಎಳೆದರು. ಗಂಟು ಬಿಚ್ಚಿತು. ಬಾವುಟ ಬಿಚ್ಚಲಿಲ್ಲ. ಕಂಬದ ತುದಿಯಲ್ಲಿ ಚೌಕವಾಗಿ, ಅಂಚು ಒಂದಿಷ್ಟೂ ಸರಿಯದೆ ನಿಂತಿತ್ತು. ಮಕ್ಕಳು ಸೆಲ್ಯೂಟ್ ಹಿಡಿದೇ ಇದ್ದರು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

"ಎಂತ ಟೀಚರೇ, ಇದು ಬಾವುಟವಾ, ಹಪ್ಪಳವಾ?" ಹಿಂದಿನಿಂದ ಡ್ರಿಲ್ ಮಾಸ್ಟರು ಪಿಸುಗುಟ್ಟಿದರು.

ಕಡಲಿನ ಕಡೆಯಿಂದ ಗಾಳಿ ಬಂದಾಗ ಒಂದು ಮಡಿಕೆ ಚರ್ ಎಂದಿತು. ಮತ್ತೊಂದು ಗಾಳಿಗೆ ಇನ್ನೊಂದು. ಬಾವುಟ ಪೂರ್ತಿ ಬಿಚ್ಚುವಷ್ಟರಲ್ಲಿ ಹೆಡ್‌ಮಾಸ್ಟರ ಭಾಷಣ ಅರ್ಧ ಮುಗಿದಿತ್ತು. ಹೂಗಳು ಉದುರಲಿಲ್ಲ, ಅಂಟಿಕೊಂಡಿದ್ದವು. ಕೇಸರಿ ಮಾತ್ರ ಮೇಲೆಯೇ ಇತ್ತು.

ಮುಂದಿನ ಆಗಸ್ಟಿನಲ್ಲಿ ಒಪ್ಪಂದದಂತೆ ಬಾವುಟವನ್ನು ಡ್ರಿಲ್ ಮಾಸ್ಟರ ಮೇಜಿನ ಮೇಲಿಟ್ಟೆ. ಅವರು ತಲೆ ಕೆರೆದುಕೊಂಡರು.

"ಮಡಚಿ ನೀವೇ ಕೊಡಿ ಟೀಚರೇ. ಸ್ವಲ್ಪ ಸಡಿಲ ಇರಲಿ. ಗಂಟು ನಾನು ಹಾಕ್ತೇನೆ. ಬಿ.ಎ.ಯಲ್ಲಿ ಗಂಜಿಯ ಪಾಠ ಇರಲಿಲ್ಲವಾ?"

"ಇತ್ತು. ಯಾವ ಬಣ್ಣ ಮೇಲೆ ಎನ್ನುವ ಪಾಠದ ನಂತರ."

ಅವರು ನಕ್ಕರು. ನಾನು ಮಡಚತೊಡಗಿದೆ, ಸ್ಕೇಲಿಲ್ಲದೆ.