ಅಂಗುಳಿನ ಮೇಲಿನ ಗಸಗಸೆ

ದೊಡ್ಡ ಸರ್ ಅವರ ಬಲಗೈಯ ಎರಡು ಬೆರಳುಗಳು ಉಗುರಿನವರೆಗೂ ಕಂದು ಹಳದಿಯಾಗಿದ್ದವು. ಸೀಮೆಸುಣ್ಣ ಹಿಡಿದಾಗ ಆ ಬೀಡಿಯ ಕಲೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಅರವತ್ತರ ದಶಕದಲ್ಲಿ ನಾನು ಹುಮನಾಬಾದಿನ ಪ್ರೌಢಶಾಲೆಗೆ ಕಿರಿಯ ವಿಜ್ಞಾನ ಶಿಕ್ಷಕನಾಗಿ ಸೇರಿದೆ. ಅವರು ಅಲ್ಲಿನ ಹಿರಿಯ ವಿಜ್ಞಾನ ಶಿಕ್ಷಕರು, ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಕಲಿಸಿದವರು. ಯಾರು ಏನು ಕೇಳಿದರೂ ಒಂದೇ ಮಾತು: "ನಾ ಹೇಳಿದ್ದು ನಂಬಬ್ಯಾಡ್ರಿ. ಮಾಡಿ ನೋಡ್ರಿ."

ಜೀವಕೋಶದ ಪಾಠದ ದಿನ ಆಗಷ್ಟೇ ಕೊಂದ ಕಪ್ಪೆಯ ಅಂಗುಳನ್ನು ಉಪ್ಪುನೀರಿನಲ್ಲಿ ತೋಯಿಸಿ, ಅದರ ಮೇಲೆ ಗಸಗಸೆ ಕಾಳು ಇಡುವರು. ಕಾಳು ತಾನಾಗಿ ಗಂಟಲಿನ ಕಡೆ ತೆವಳುತ್ತಿತ್ತು. ಅಲ್ಲಿನ ಜೀವಕೋಶಗಳ ಮೇಲೆ ಕಣ್ಣಿಗೆ ಕಾಣದ ರೋಮಗಳಿದ್ದು, ಅವು ಒಂದೇ ದಿಕ್ಕಿಗೆ ಬೀಸುತ್ತ ಕಾಳನ್ನು ದೂಡುತ್ತವೆ. ನಮ್ಮ ಶ್ವಾಸನಾಳದಲ್ಲಿಯೂ ಅಂಥವೇ ಧೂಳು, ಕಫವನ್ನು ಹೊರಗೆ ಸಾಗಿಸುತ್ತವೆ.

ಒಮ್ಮೆ ಹಿಂದಿನ ಬೆಂಚಿನವನೊಬ್ಬ ಕೇಳಿದ: "ಸರ್, ನಿಮ್ಮ ಬೀಡಿ ಹೊಗಿ ಇದರ ಮ್ಯಾಲ ಬಿಟ್ರ ಏನ್ ಆಗ್ತದ್ರಿ?"

ತರಗತಿ ನಕ್ಕಿತು. ಅವರು ಬೀಡಿ ಹಚ್ಚಿ ಅಂಗುಳಿನ ಮೇಲೆ ಹೊಗೆ ಊದತೊಡಗಿದರು. ಕಾಳು ನಿಧಾನವಾಯಿತು, ಆಮೇಲೆ ನಿಂತಿತು. ನಗುವೂ ನಿಂತಿತು. ಅವರು ಕೆಮ್ಮುತ್ತ ಬಹಳ ಹೊತ್ತು ಅದನ್ನೇ ನೋಡಿದರು.

ಅಂದೇ ಬೀಡಿ ಬಿಟ್ಟರು. ಆದರೆ ಪ್ರತಿವರ್ಷ ಆ ಪಾಠಕ್ಕೆ ಮಾತ್ರ ಒಂದು ಹಚ್ಚುವರು. "ಬ್ಯಾಡ್ರಿ ಸರ್, ಬಾಯಿಲೆ ಹೇಳ್ರಿ," ಎಂದು ಅವರ ಕೆಮ್ಮು ಕಂಡು ನಾನೊಮ್ಮೆ ಹೇಳಿದೆ.

"ಹೇಳಿದ್ರ ನಗ್ತಾರ. ನೋಡಿದ್ರ ಸುಮ್ಮನಾಗ್ತಾರ."

ನಿವೃತ್ತರಾಗಿ ಬಸವಕಲ್ಯಾಣದ ಮನೆ ಸೇರುವಷ್ಟರಲ್ಲಿ ಹಿಂದೆ ಸೇದಿದ ಬೀಡಿಗಳಿಂದ ಎದೆ ಪೂರ್ತಿ ಕೆಟ್ಟಿತ್ತು. ಅವರ ಪಾಠ ಈಗ ನನ್ನ ಪಾಲಿಗೆ ಬಂದಿತ್ತು. ನಾನು ನೋಡಲು ಹೋದಾಗ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು; ಮಲಗಿದರೆ ಉಸಿರು ಕಟ್ಟುತ್ತಿತ್ತು. "ಬಿಟ್ಟೀನಿ ಅಂತ ನನ್ನ ಮುಂದ ಆಣಿ ಮಾಡ್ಯಾರ, ಸಾಲಿಯೊಳಗ ಸೇದ್ಯಾರ," ಎಂದು ಅವರ ಹೆಂಡತಿ ಗೊಣಗಿದರು. ಸರ್ ಕಣ್ಣು ತೆರೆದರು.

"ಕಪ್ಪಿ ಪಾಠ ಆತೇನ್ರಿ?"

"ಆತ್ರಿ ಸರ್."

"ಕಾಳು... ನಿಂತಿತೇನು?"

"ಬೀಡಿ ಹಚ್ಚಲಿಲ್ರಿ. ಬಾಯಿಲೆ ಹೇಳಿದೆ."

ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳಬೇಕಾಯಿತು. "ಮತ್ತ... ಅರ್ಧಾನೇ ಕಲ್ಸೀರಿ."

ಆ ಚಳಿಗಾಲ ಅವರು ದಾಟಲಿಲ್ಲ.

ಮರುವರ್ಷ, ಎಂದೂ ಸೇದದ ನಾನು ಒಂದು ಬೀಡಿ ಹಚ್ಚಿ ಅಂಗುಳಿನ ಪಕ್ಕ ಹಿಡಿದೆ. ಹೊಗೆಯನ್ನು ರಟ್ಟಿನಿಂದ ಅದರತ್ತ ಬೀಸಿದೆ. ಕಾಳು ನಿಂತಿತು.

"ದೊಡ್ಡ ಸರ್ ಎದಿಯೊಳಗೂ ಹಿಂಗೇ ಆಗಿತ್ತೇನ್ರಿ?" ಎಂದು ಒಬ್ಬ ಕೇಳಿದ.

ಹೌದೆಂದೆ. ಅವರು ಹೇಳಿದಂತೆಯೇ ತರಗತಿ ಸುಮ್ಮನಾಯಿತು.