ಕಾಕಾನ ಗ್ಯಾಸ್ ಕಿಟ್ಟು, ನನ್ನ ಮೂಗು

ಬೆಳಿಗ್ಗೆ ಮೆಹದಿಪಟ್ಟಣದಲ್ಲಿ ಹತ್ತಿದ ಆಟೋದಲ್ಲಿ ಗ್ಯಾಸಿನ ವಾಸನೆ ಬರುತ್ತಿತ್ತು. ಹೇಳಿದೆ, ಆಟೋದವನು ತಲೆಯಾಡಿಸಿ ಓಡಿಸುತ್ತಲೇ ಇದ್ದ. ಜಗಳಕ್ಕೆ ನಿಲ್ಲುವ ತ್ರಾಣ ಈಗ ನನಗಿಲ್ಲ. ಇಳಿದು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತೆ. ಕೊಳೆತ ಮೊಟ್ಟೆಯಂಥ ಆ ವಾಸನೆಗೆ ಮಲ್ಕಾಜ್‌ಗಿರಿಯ ಕಾಕಾ ನೆನಪಾದರು...

ಕಲಬುರಗಿ ಕಡೆಯವರು. ಆಗ ಅಲ್ಲಿ ನಾವಿದ್ದ ಮನೆಯ ಗೋಡೆಗೆ ಅಂಟಿಕೊಂಡೇ ಅವರ ಗ್ಯಾರೇಜು. ಪೆಟ್ರೋಲ್ ಕಾರಿಗೆ ಗ್ಯಾಸ್ ಕಿಟ್ ಕೂರಿಸುವುದು ಊರಿಗೆ ಇನ್ನೂ ಹೊಸತು. ಡಿಕ್ಕಿಯಲ್ಲಿ ಸಿಲಿಂಡರ್ ಕಂಡರೆ ಜನ ಬಾಂಬ್ ಕಂಡಂತೆ ದೂರ ನಿಲ್ಲುತ್ತಿದ್ದರು. ಕಾಕಾಗೆ ನಗು. ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಅವರಪ್ಪ ಬಸ್ಸಿನ ಹಿಂದೆ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲೇ ಬಸ್ ಓಡಿಸಿದವರಂತೆ. “ಏರು ಬಂತಂದ್ರ ಮಂದಿ ಇಳದು ನೂಕತಿದ್ರು. ಈಗಿನವ್ರಿಗೆ ಕುಂತಲ್ಲೇ ಅಂಜಿಕಿ!” ಅನ್ನುವರು.

ಅವರಿಗೊಂದು ಕೊರತೆಯಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು. ಯಾವುದೋ ಜ್ವರದಲ್ಲಿ ಮಲಗಿ ಎದ್ದ ಮೇಲೆ ಅವರ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಪೈಪಿನ ಕೀಲಿಗೆ ಸಾಬೂನಿನ ನೊರೆ ಹಚ್ಚಿ ನೋಡುವರು. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದರ್ಥ. ಕೈ ಹೋಗದ ಸಂದಿಗಳಿಗೆ ಮಾತ್ರ ಮೂಗೇ ಬೇಕು. ಗಿರಾಕಿ ಚಹಾಕ್ಕೆ ಹೋದಾಗ ಗೋಡೆಯಾಚೆಯಿಂದ ಮೆಲ್ಲಗೆ ಕರೆಯುವರು: “ಯವ್ವಾ, ಸ್ವಲ್ಪ ಮೂಗು ಕೊಡು ಬಾ.” ನಾನು ಕಾರಿನೊಳಗೆ ತಲೆ ಹಾಕಿ ಮೂಸಿ ಹೇಳಿದರೆ, ಅವರಿಗೆ ಅದೇ ಕೊನೆಯ ಮಾತು.

ಒಂದು ಸಂಜೆ ಶಾಲೆಯಲ್ಲಿ ಪಾಠ ಮಾಡಿ ಸುಸ್ತಾಗಿ ಬಂದಿದ್ದೆ, ಮೇಲೆ ವಿಪರೀತ ನೆಗಡಿ. ಕಾಕಾ ಕರೆದರು. ನೆಗಡಿ ಎಂದರೆ ಇನ್ನೊಂದು ತಾಸು ಎಲ್ಲ ಬಿಚ್ಚಿ ಕೂರುತ್ತಾರೆ, ನನ್ನನ್ನೂ ನಿಲ್ಲಿಸಿಕೊಳ್ಳುತ್ತಾರೆ ಎಂದು ಬೇಸರ. ಕಾಟಾಚಾರಕ್ಕೆ ಮೂಸಿ “ಏನೂ ಇಲ್ಲ ಕಾಕಾ” ಎಂದುಬಿಟ್ಟೆ.

ಅರ್ಧ ಗಂಟೆಗೆ ಕಾರಿನವನು ನಡೆದುಕೊಂಡೇ ವಾಪಸು ಬಂದ. ಕಾರಿನ ತುಂಬ ಗ್ಯಾಸ್ ಹರಡಿ, ಬಸುರಿ ಹೆಂಡತಿ ದಾರಿಯಲ್ಲೇ ವಾಂತಿ ಮಾಡಿಕೊಂಡು ಕುಸಿದಿದ್ದಳು; ಅವಳನ್ನು ಅಲ್ಲೇ ಒಂದು ಮನೆಯಲ್ಲಿ ಮಲಗಿಸಿ ಬಂದಿದ್ದ. “ವಾಸನ ರಾಲೇದಾ ನೀಕು?”, ನಿನಗೆ ವಾಸನೆ ಬರಲಿಲ್ಲವಾ, ಎಂದು ಅವನು ತೆಲುಗಿನಲ್ಲಿ ಕೂಗಿದ್ದಕ್ಕೆ ಬೀದಿಯೇ ಸೇರಿತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಕಾಕಾ ನನ್ನ ಹೆಸರೆತ್ತಲಿಲ್ಲ. ತನ್ನ ಮೂಗು ಸತ್ತು ಎಷ್ಟೋ ಕಾಲವಾಯಿತು, ತಪ್ಪು ತನ್ನದೇ ಎಂದು ಎಲ್ಲರ ಮುಂದೆ ಕೈಮುಗಿದರು. ಬಸುರಿಗೇನೂ ಆಗಲಿಲ್ಲ, ಪುಣ್ಯ.

ವಾಸನೆ ತಿಳಿಯದವರ ಕೈಗೆ ಯಾರು ಕಾರು ಕೊಡುತ್ತಾರೆ? ಎರಡೇ ತಿಂಗಳಲ್ಲಿ ಗ್ಯಾರೇಜು ಮುಚ್ಚಿತು. ಊರಿಗೆ ಹೊರಟ ದಿನ ನಮ್ಮ ಬಾಗಿಲಿಗೆ ಬಂದರು.

“ಅವತ್ತ ನಿನ್ನ ದನಿ ಕಟ್ಟಿತ್ತವಾ. ನೆಗಡಿ ಆಗೇತೇನು ಅಂತ ನಾನೇ ಕೇಳಬೇಕಿತ್ತು.”

ಆಗಲೂ ನನ್ನ ಬಾಯಿಂದ ‘ತಪ್ಪಾಯಿತು’ ಎಂಬ ಮಾತು ಹೊರಡಲಿಲ್ಲ. ಚಹಾ ಕುಡಿದು ಹೋಗಿ ಎಂದೆ, ಅಷ್ಟೆ...

ಅವರು ತೀರಿಕೊಂಡ ಸುದ್ದಿ ಬಂದು ಎಷ್ಟೋ ವರ್ಷವಾಯಿತು. ಇವತ್ತು ಬಸ್ ಸ್ಟಾಪಿನ ಆ ಕಟ್ಟೆಯ ಮೇಲೆ ಕೂತು ಒಂದು ಸಲ ಬಾಯಿಬಿಟ್ಟೇ ಹೇಳಿದೆ: “ತಪ್ಪಾಯ್ತು ಕಾಕಾ.” ಪಕ್ಕದಲ್ಲಿದ್ದ ಹೆಂಗಸು ಫೋನಿನಿಂದ ತಲೆಯೆತ್ತಿ, ತನಗೆ ಹೇಳಿದಿರಾ ಎಂದು ತೆಲುಗಿನಲ್ಲಿ ಕೇಳಿದಳು. ಅಲ್ಲಮ್ಮ ಎಂದೆ.