ಹಸಿರು ಬಟ್ಟೆಯ ಹತ್ತು ಅಂಗಿ

ನಮ್ಮ ಹೊನ್ನಾಳಿಯ ದರ್ಜಿಯೊಬ್ಬ ರಾಗಿಮುದ್ದೆಯನ್ನು ದಾರದಿಂದ ಕತ್ತರಿಸಿ ತಿನ್ನುತ್ತಿದ್ದ. ಬೊಂಬಾಯಿಯಿಂದ ಹಡಗಿನ ಕೆಲಸಕ್ಕೆ ಹೋದವನು ಕಾಯಿಲೆ ಬಿದ್ದು ರುಮೇನಿಯಾದ ಬಂದರಿನಲ್ಲಿ ಉಳಿದು, ಎರಡು ವರ್ಷ ಅಲ್ಲೇ ಹೊಲಿಗೆ ಮಾಡಿದ್ದನಂತೆ.

"ಅಲ್ಲೂ ಮುದ್ದೆನೇ ರೀ, ಮೆಕ್ಕೆಜೋಳದ್ದು. ಹಿಂಗೇ ದಾರದಾಗೆ ಕೊಯ್ತಾರೆ" ಎಂದು ನಗುತ್ತಿದ್ದ. ಅಲ್ಲಿನ ರಾಜನ ಸುದ್ದಿ ಕೇಳಿದರೆ ಮಾತ್ರ ನಗು ನಿಲ್ಲುತ್ತಿತ್ತು. "ಬಾಗ್ಲು ತೆರ್ದೈತೆ ರೀ" ಎಂದು ಎದ್ದು ಹೋಗಿ ಬೀದಿ ನೋಡಿ ಬರುತ್ತಿದ್ದ. ಬೀದಿಯಲ್ಲಿ ಯಾರೂ ಇರುತ್ತಿರಲಿಲ್ಲ. ಆ ದೇಶದಲ್ಲಿ ರಾಜನ ಮಾತೆತ್ತಿದವರನ್ನು ಪೊಲೀಸರು ಎಳೆದೊಯ್ಯುತ್ತಿದ್ದರಂತೆ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ನಮ್ಮ ಶಾಲೆಯ ಕವಾಯತು ತಂಡಕ್ಕೆ ಹತ್ತು ಅಂಗಿ ಹೊಲಿಸಲು ಹಸಿರು ಬಟ್ಟೆ ಒಯ್ದೆ. ಅವನು ಅದನ್ನು ಮುಟ್ಟಲೇ ಇಲ್ಲ.

"ಅಲ್ಲೂ ಹಸಿರು ಅಂಗಿನೇ ಮೇಷ್ಟ್ರೇ. ಅಲ್ಲಿನ ಒಂದು ಪಕ್ಷದ ಹುಡುಗ್ರಿಗೆ ನಾನೇ ಹೊಲ್ದು ಕೊಟ್ಟಿದ್ದೆ. ಹಾಕ್ಕಂಡು ಹಾಡು ಹೇಳ್ಕಂತ ಹೋದ್ರು. ಆಮೇಲೆ ನಮ್ಮ ಬೀದ್ಯಾಗೆ ಗಡಿಯಾರ ರಿಪೇರಿ ಮಾಡ್ತಿದ್ದ ಯಹೂದಿ ಮುದುಕನ ಅಂಗ್ಡಿ ಒಡೆದ್ರು. ಅವ್ನು ಮತ್ತೆ ಕಾಣ್ಲಿಲ್ಲ. ಎಲ್ರದ್ದೂ ಒಂದೇ ಥರದ ಅಂಗಿ, ಯಾರು ಒಡೆದ್ರು ಅಂತ ಗುರ್ತು ಹೇಳಾಕೇ ಆಗ್ಲಿಲ್ಲ."

"ಇವರು ನಮ್ಮ ಮಕ್ಕಳು ಕಣಯ್ಯಾ!" ಎಂದು ರೇಗಿ ಬಟ್ಟೆ ಅಲ್ಲೇ ಬಿಟ್ಟು ಬಂದೆ.

ವಾರದ ನಂತರ ಹೊಲಿದು ಕೊಟ್ಟ. ಹತ್ತು ಅಂಗಿಗೂ ಹತ್ತು ಬಗೆಯ ಕಾಲರು! ಕೇಳಿದ್ದಕ್ಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ನಾಳೆ ಯಾರಾದ್ರೂ ಕೇಳಿದ್ರೆ, ಯಾವ ಹುಡ್ಗ ಅಂತ ಹೇಳಾಕೆ ಬರ್ಲಿ ಮೇಷ್ಟ್ರೇ."